ಕ್ಯಾಮೆರಾ ಇಲ್ಲದ ಸಿನಿಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಫಿಲ್ಮ್ ಪಟ್ಟಿಯ ಮೇಲೆ ಗೀಚಿ, ಬಣ್ಣ ಹಚ್ಚಿ, ಏನೇನೋ ಅಂಟಿಸಿ ಸಿನಿಮಾ ಮಾಡುತ್ತೇನೆ. ಆಗಾಗ ಫೋನ್‌ನಲ್ಲೂ ಚಿತ್ರೀಕರಣ ಮಾಡುತ್ತೇನೆ. ಎಲ್ಲಿ ತೋರಿಸಿದರೂ ದೀಪ ಹಾಕಿದ ಮೇಲೆ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು ಬರುತ್ತವೆ. ನಿಂತ ಕಾಲಲ್ಲಿ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಕೂತು ಬರೆದಿದ್ದೇನೆ.

ಇದು ಕಲಾತ್ಮಕ ಸಿನಿಮಾನಾ?

ಅಲ್ಲ. ಕಲಾತ್ಮಕ ಸಿನಿಮಾ ಅಂದ ತಕ್ಷಣ ನಮಗೆಲ್ಲ ನೆನಪಾಗುವುದು ಎಪ್ಪತ್ತರ ದಶಕದ ಹೊಸ ಅಲೆ. ಅಲ್ಲಿ ಹಾಡು, ಫೈಟು ಕಡಿಮೆ ಇದ್ದಿರಬಹುದು. ಆದರೆ ಕಥೆ ಇತ್ತು, ಪಾತ್ರ ಇತ್ತು, ಮಾತು ಇತ್ತು. ಎಷ್ಟೋ ಸಲ ಬೆನ್ನ ಹಿಂದೆ ಒಂದು ಒಳ್ಳೆಯ ಕಾದಂಬರಿಯೂ ಇತ್ತು. ನಾನು ಮಾಡುವುದರಲ್ಲಿ ಇವು ಯಾವುವೂ ಇಲ್ಲ. ಬೆಳಕು, ಬಣ್ಣ, ಚಲನೆ, ಶಬ್ದ, ಮತ್ತೆ ಇವು ಎಷ್ಟು ಹೊತ್ತು ಪರದೆ ಮೇಲೆ ಇರುತ್ತವೆ ಅನ್ನುವುದು. ಇಷ್ಟೇ ನನ್ನ ಸಾಮಾನು. ಪ್ರಯೋಗಾತ್ಮಕ ಸಿನಿಮಾ ಅಂತ ಕರೆಯಬಹುದು. ಗ್ಯಾಲರಿಯವರು ಮೂವಿಂಗ್ ಇಮೇಜ್ ಅನ್ನುತ್ತಾರೆ. ಎರಡೂ ಸರಿಯೇ.

ಇದು ನಿಮ್ಮ ತಲೆಗೆ ಬಂದದ್ದು ಹೇಗೆ?

ಫ್ಯೂಸ್ ಆದ ಬಲ್ಬಿನಿಂದ. ನನ್ನ ವಯಸ್ಸಿನ ಎಷ್ಟೋ ಜನ ಈ ಆಟ ಆಡಿರುತ್ತಾರೆ. ನಮ್ಮೂರಿನ ಟೆಂಟಿನಲ್ಲಿ ರೀಲು ಕಟ್ ಆದರೆ ಆಪರೇಟರ್ ಹಾಳಾದ ಫ್ರೇಮುಗಳನ್ನು, ಅಂದರೆ ರೀಲಿನ ಒಂದೊಂದು ಚಿತ್ರದ ಚೌಕವನ್ನು, ಕತ್ತರಿಸಿ, ಉಳಿದದ್ದಕ್ಕೆ ಜಾಯಿಂಟ್ ಹಾಕುತ್ತಿದ್ದರು. ಕತ್ತರಿಸಿದ ತುಂಡು ಕಿಟಕಿಯಿಂದ ಹೊರಗೆ ಬೀಳುತ್ತಿತ್ತು. ನಾವು ಅದನ್ನು ಆಯ್ದು ತರುತ್ತಿದ್ದೆವು. ಹಳೇ ಬಲ್ಬಿನ ತಲೆ ಬಿಚ್ಚಿ, ಒಳಗಿನ ತಂತಿ ತೆಗೆದು, ನೀರು ತುಂಬುವುದು. ಮನೆಯ ಬಾಗಿಲು ಹಾಕಿ ಒಳಗೆ ಕತ್ತಲೆ ಮಾಡುವುದು. ಅಂಗಳದಲ್ಲಿ ಒಬ್ಬರು ಕನ್ನಡಿ ಹಿಡಿದು ಬಾಗಿಲ ಸಂದಿಯಿಂದ ಬಿಸಿಲನ್ನು ಒಳಗೆ ಬಿಡುವುದು. ಆ ಬಿಸಿಲಿಗೆ ಅಡ್ಡ ರೀಲಿನ ತುಂಡು, ಅದರ ಮುಂದೆ ನೀರಿನ ಬಲ್ಬು. ಎದುರು ಗೋಡೆಯ ಮೇಲೆ ಹೀರೋ ನಿಂತಿರುತ್ತಿದ್ದ, ತಲೆಕೆಳಗಾಗಿ. ತುಂಡನ್ನು ತಿರುಗಿಸಿ ಹಿಡಿದರೆ ನೆಟ್ಟಗಾಗುತ್ತಿದ್ದ.

ಗೋಡೆಯ ಮೇಲಿನ ಆ ಹೀರೋ ಅಲ್ಲಾಡುತ್ತಿರಲಿಲ್ಲ. ಆದರೆ ನನ್ನ ಕೈ ನಡುಗಿದರೆ ಅವನೂ ನಡುಗುತ್ತಿದ್ದ. ಬಲ್ಬಿನ ನೀರು ತುಳುಕಿದರೆ ಅವನ ಮುಖ ಬಳುಕುತ್ತಿತ್ತು. ಅವನು ಯಾರು, ಯಾವ ಸಿನಿಮಾ ಅನ್ನುವುದಕ್ಕಿಂತ ಆ ನಡುಕವೇ ನನಗೆ ಇಷ್ಟವಾಗಿತ್ತು. ನಾನು ಇವತ್ತು ಮಾಡುವ ಕೆಲಸವೆಲ್ಲ ಅಲ್ಲಿಂದಲೇ ಬಂದದ್ದು. ಸಿನಿಮಾ ಅಂದರೆ ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು ಅಂತ ನನಗೆ ಮೊದಲೇ ಗೊತ್ತಾಯಿತು. ಕಥೆ ಅದರ ಒಳಗೆ ಇರುತ್ತದೆ ಅಂತ ಗೊತ್ತಾದದ್ದು ಆಮೇಲೆ.

ಹಾಗಾದರೆ ಸ್ಕ್ರಿಪ್ಟ್ ಬರೆಯೋದೇ ಇಲ್ವಾ?

ಬರೆಯುವುದಿಲ್ಲ. ಒಂದು ವಸ್ತು ಮತ್ತು ಒಂದು ನಿಯಮ ಇಟ್ಟುಕೊಂಡು ಶುರು ಮಾಡುತ್ತೇನೆ. ಉದಾಹರಣೆಗೆ, "ಈ ಪಟ್ಟಿಯಲ್ಲಿ ಅಡ್ಡಗೆರೆ ಎಳೆಯೋ ಹಾಗಿಲ್ಲ" ಅಂತ ಒಂದು ನಿಯಮ. ಅಥವಾ "ಒಂದು ಬಣ್ಣ ಮುಗಿಯುವ ತನಕ ಇನ್ನೊಂದು ಬಾಟಲಿ ತೆರೆಯಬಾರದು." ನಿಯಮ ಇಲ್ಲದಿದ್ದರೆ ಕೈ ತನಗೆ ಬರುವುದನ್ನೇ ಮಾಡುತ್ತಾ ಹೋಗುತ್ತದೆ. ನಿಯಮ ಇದ್ದರೆ ಹದಿನೈದು ದಿನ ಆಗುವಷ್ಟರಲ್ಲಿ ಅದು ಹೊಸ ದಾರಿ ಹುಡುಕುತ್ತದೆ. ಕೆಲಸದ ನಡುವೆ ನಿಯಮ ಸುಳ್ಳು ಅನಿಸಿದರೆ ಮುರಿಯುತ್ತೇನೆ, ಆದರೆ ಒಂದೇ ಸಲ.

ಕ್ಯಾಮೆರಾ ಇಲ್ಲದೆ ಸಿನಿಮಾ ಮಾಡಬಹುದು ಅಂತ ಮೊದಲು ತೋರಿಸಿದ್ದು ಯಾರು?

ಫಿಲ್ಮ್ ಮೇಲೆ ನೇರವಾಗಿ ಬಣ್ಣ ಹಚ್ಚುವುದು ತುಂಬ ಹಳೇ ಅಭ್ಯಾಸ. ಆದರೆ ಹೆಚ್ಚು ಜನರಿಗೆ ಮುಟ್ಟಿಸಿದವರಲ್ಲಿ ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ಲೆನ್ ಲೈ ಹೆಸರು ಮೊದಲು ಬರುತ್ತದೆ. 1935ರಲ್ಲಿ ಲಂಡನ್ನಿನಲ್ಲಿ ಬ್ರಿಟಿಷ್ ಅಂಚೆ ಇಲಾಖೆಯ ಚಲನಚಿತ್ರ ಘಟಕ ಅವರ 'ಎ ಕಲರ್ ಬಾಕ್ಸ್' ಅನ್ನು ಹೊರತಂದಿತು. ಫಿಲ್ಮ್ ಮೇಲೆ ಬಣ್ಣ ಬಳಿದು ಮಾಡಿದ ಚಿತ್ರ. ಕೊನೆಯಲ್ಲಿ ಪಾರ್ಸೆಲ್ ದರದ ಜಾಹೀರಾತು. ಅಂಚೆ ಇಲಾಖೆಯ ದುಡ್ಡಿನಲ್ಲಿ ಇಂಥದ್ದೊಂದು ಆಯಿತು ಅನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ವಿಷಯ.

ಸ್ಕಾಟ್ಲೆಂಡಿನ ನಾರ್ಮನ್ ಮ್ಯಾಕ್ಲಾರೆನ್ 1941ರಲ್ಲಿ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ ಸೇರಿ ಇದನ್ನೇ ಜೀವನದ ಕೆಲಸ ಮಾಡಿಕೊಂಡರು. ಯುನೆಸ್ಕೋ ಪರವಾಗಿ ಐವತ್ತರ ದಶಕದ ಆರಂಭದಲ್ಲಿ ಭಾರತಕ್ಕೂ ಬಂದು ಕಲಿಸಿದ್ದರು.

ಇನ್ನೊಬ್ಬರು ಅಮೆರಿಕದ ಸ್ಟ್ಯಾನ್ ಬ್ರಾಕೇಜ್. 1963ರಲ್ಲಿ ಅವರ ಹತ್ತಿರ ಫಿಲ್ಮ್ ಕೊಳ್ಳಲು ದುಡ್ಡಿರಲಿಲ್ಲ. ದೀಪಕ್ಕೆ ಬಿದ್ದು ಸತ್ತ ಪತಂಗಗಳ ರೆಕ್ಕೆ, ಹೂವಿನ ಎಸಳು, ಹುಲ್ಲು ಇವನ್ನೆಲ್ಲ ಎರಡು ಪಾರದರ್ಶಕ ಟೇಪುಗಳ ನಡುವೆ ಅಂಟಿಸಿ 'ಮಾತ್‌ಲೈಟ್' ಮಾಡಿದರು. ಸುಮಾರು ನಾಲ್ಕು ನಿಮಿಷ. ಒಂದು ರೆಕ್ಕೆ ಕೆಲವು ಫ್ರೇಮಿನಷ್ಟು ಉದ್ದ ಇರಬಹುದು. ಅದಕ್ಕೆ ಫ್ರೇಮಿನ ಗಡಿ ಗೊತ್ತಿಲ್ಲ. ಪ್ರೊಜೆಕ್ಟರ್ ಅದನ್ನು ತುಂಡು ತುಂಡು ಮಾಡಿ ತೋರಿಸುತ್ತದೆ, ರೆಕ್ಕೆ ಬಡಿಯುತ್ತದೆ. ನಾನು ಮೊದಲ ಸಲ ನೋಡಿದಾಗ ಮಳೆಗಾಲದ ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಉದುರಿದ ಈಚಲು ಹುಳುಗಳ ರೆಕ್ಕೆ ನೆನಪಾಯಿತು. ಮಾರನೆಯ ಜೂನ್‌ನಲ್ಲಿ ನಾನೂ ಒಂದು ಡಬ್ಬಿ ತುಂಬ ಗುಡಿಸಿ ಇಟ್ಟುಕೊಂಡೆ.

ನೀವು ಗೀಚುವುದು ಹೇಗೆ ಅಂತ ಸರಿಯಾಗಿ ಹೇಳ್ತೀರಾ?

ಖಂಡಿತ. ಈ ಪ್ರಶ್ನೆಗೆ ಉತ್ತರ ಉದ್ದ ಆಗುತ್ತದೆ.

ಮೊದಲು ಲೆಕ್ಕ. 35 ಎಂಎಂ ಅಗಲದ ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮು. ಪರದೆ ಮೇಲೆ ಸೆಕೆಂಡಿಗೆ 24 ಫ್ರೇಮು ಓಡುತ್ತವೆ. ಅಂದರೆ ಒಂದು ನಿಮಿಷಕ್ಕೆ 90 ಅಡಿ. 16 ಎಂಎಂನಲ್ಲಿ ಅಡಿಗೆ 40 ಫ್ರೇಮು ಇರುವುದರಿಂದ ನಿಮಿಷಕ್ಕೆ 36 ಅಡಿ ಸಾಕು. ಆದರೆ ಫ್ರೇಮು ಉಗುರಿನಷ್ಟು ಚಿಕ್ಕದು, ಕಣ್ಣು ಬೇಗ ಸೋಲುತ್ತದೆ. ನಾನು ದಿನಕ್ಕೆ 35 ಎಂಎಂನಲ್ಲಿ ಎರಡು ಅಡಿ ಮಾಡುತ್ತೇನೆ. 32 ಫ್ರೇಮು. ಒಂದೂಕಾಲು ಸೆಕೆಂಡಿಗಿಂತ ಚೂರು ಜಾಸ್ತಿ.

ಆಮೇಲೆ ಯಾವ ಬದಿ ಅಂತ ನೋಡಬೇಕು. ಫಿಲ್ಮಿನ ಒಂದು ಬದಿ ಬರೀ ಪ್ಲಾಸ್ಟಿಕ್, ಇನ್ನೊಂದು ಬದಿಯಲ್ಲಿ ಬಣ್ಣ ಹೊತ್ತ ಜೆಲಟಿನ್ ಪದರ. ಕತ್ತಲಲ್ಲೂ ಗೊತ್ತಾಗಬೇಕೆಂದರೆ ತುದಿಯನ್ನು ಒದ್ದೆ ತುಟಿಗೆ ತಾಗಿಸಿ. ಅಂಟಿಕೊಂಡ ಬದಿಯೇ ಜೆಲಟಿನ್ ಬದಿ. ಗೀಚುವುದು ಆ ಕಡೆಯಿಂದ.

ಕಪ್ಪಗೆ ತೊಳೆದ (ಡೆವಲಪ್ ಮಾಡಿದ) ಕಲರ್ ಪ್ರಿಂಟ್ ಫಿಲ್ಮ್ ಸಿಕ್ಕರೆ ಹಬ್ಬ. ಕಪ್ಪು ಅಂತ ಕಾಣುವುದು ನಿಜವಾಗಿ ಮೂರು ಬಣ್ಣದ ಪದರಗಳು ಒಂದರ ಮೇಲೊಂದು ಕೂತಿರುವುದು. ಮೇಲೆ ಮಜೆಂಟಾ (ನೇರಳೆಗೆಂಪು), ನಡುವೆ ಸಯಾನ್ (ಹಸಿರುನೀಲಿ), ತಳದಲ್ಲಿ ಹಳದಿ. ಸೂಜಿಯನ್ನು ಹಗುರವಾಗಿ ಎಳೆದರೆ ಮಜೆಂಟಾ ಮಾತ್ರ ಏಳುತ್ತದೆ, ಗೆರೆ ಹಸಿರಾಗಿ ಕಾಣುತ್ತದೆ. ಇನ್ನೊಂದು ಚೂರು ಒತ್ತಿದರೆ ಸಯಾನ್ ಕೂಡ ಹೋಗಿ ಹಳದಿ ಉಳಿಯುತ್ತದೆ. ಪೂರ್ತಿ ಒತ್ತಿದರೆ ಬೆಳ್ಳಗಿನ ಬೆಳಕು. ಅಂದರೆ ಬಣ್ಣ ನನ್ನ ಬೆರಳಿನ ಭಾರದಲ್ಲಿದೆ. ಅದನ್ನು ಕಲಿಯಲು ನನಗೆ ಹತ್ತಿರಹತ್ತಿರ ಎರಡು ವರ್ಷ ಬೇಕಾಯಿತು. ಈಗಲೂ ಜ್ವರ ಬಂದು ಎದ್ದ ವಾರ ಗೆರೆಗಳೆಲ್ಲ ಹಸಿರೇ ಬರುತ್ತವೆ. ಒತ್ತಲು ಶಕ್ತಿ ಇರುವುದಿಲ್ಲ.

ಸಲಕರಣೆ ಅಂದರೆ ಹೊಲಿಗೆ ಸೂಜಿ, ಮೂಟೆ ಹೊಲಿಯುವ ದಬ್ಬಳ, ಮಕ್ಕಳ ಜಾಮಿಟ್ರಿ ಬಾಕ್ಸಿನ ಕೈವಾರ, ಅರ್ಧ ಬ್ಲೇಡು. ಬಣ್ಣಕ್ಕೆ ಪರ್ಮನೆಂಟ್ ಮಾರ್ಕರ್ ಮತ್ತು ಪಾರದರ್ಶಕ ಶಾಯಿ. ಪೋಸ್ಟರ್ ಕಲರ್ ಬೇಡ, ಬೆಳಕು ಅದರೊಳಗೆ ಹಾಯುವುದಿಲ್ಲ. ಪರದೆ ಮೇಲೆ ಎಲ್ಲ ಕಪ್ಪಾಗಿ ಬೀಳುತ್ತದೆ.

ಹಳೇ ರೀಲು ಎಲ್ಲಿ ಸಿಗುತ್ತೆ?

ಗುಜರಿಯಲ್ಲಿ, ಮುಚ್ಚಿದ ಟಾಕೀಸುಗಳ ಗೋಡೌನಿನಲ್ಲಿ, ಹಳೇ ಆಪರೇಟರುಗಳ ಅಟ್ಟದ ಮೇಲೆ. ಥಿಯೇಟರುಗಳು ಡಿಜಿಟಲ್ ಆದ ಮೇಲೆ ನಮ್ಮೂರ ಆಪರೇಟರ್ ಮಾಮ ತಮ್ಮ ತಗಡಿನ ಡಬ್ಬಿಯನ್ನು ನನಗೇ ಕೊಟ್ಟರು. ಅವರು ಮೂವತ್ತು ಚಿಲ್ಲರೆ ವರ್ಷ ಕತ್ತರಿಸಿ ಕತ್ತರಿಸಿ ಹಾಕಿಟ್ಟ ತುಂಡುಗಳು. ಮುಚ್ಚಳ ತೆಗೆದರೆ ಉಪ್ಪಿನಕಾಯಿ ಭರಣಿಯ ಹಾಗೆ ಹುಳಿ ವಾಸನೆ. ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನ ಫಿಲ್ಮ್ ಕೊಳೆಯುವಾಗ ಬರುವ ವಿನೆಗರ್ ವಾಸನೆ ಅದು. ಒಮ್ಮೆ ಶುರುವಾದರೆ ನಿಲ್ಲಿಸಲು ಆಗುವುದಿಲ್ಲ, ಅಕ್ಕಪಕ್ಕದ ಡಬ್ಬಿಗೂ ಹಬ್ಬುತ್ತದೆ. ಗಾಳಿ ಆಡುವ, ತಣ್ಣಗಿನ ಜಾಗದಲ್ಲಿ ಬೇರೆಯಾಗಿ ಇಡಬೇಕು.

ಅವುಗಳಲ್ಲಿ ಬಹಳಷ್ಟು ಗುಲಾಬಿಗೆ ತಿರುಗಿದ್ದವು. ಹಳೇ ಕಲರ್ ಪ್ರಿಂಟುಗಳಲ್ಲಿ ಸಯಾನ್ ಬಣ್ಣ ಮೊದಲು ಮಾಸುತ್ತದೆ, ಮಜೆಂಟಾ ಉಳಿಯುತ್ತದೆ. ಹಾಗಾಗಿ ತೋಟ, ಗದ್ದೆ, ಕಾಡು ಎಲ್ಲ ಗುಲಾಬಿ. ಇಂಥ ಪಟ್ಟಿಯಲ್ಲಿ ಮೇಲಿನ ಪದರ ಕೆರೆದರೆ ಹಸಿರು ಸಿಗುವುದಿಲ್ಲ. ಮಾಸಿದ ತಿಳಿ ಹಳದಿ ಸಿಗುತ್ತದೆ, ಅಷ್ಟೇ. ಮೊದಮೊದಲು ಇದು ಕೊರತೆ ಅನಿಸಿತ್ತು. ಈಗ ಆ ಡಬ್ಬಿಯ ಬಣ್ಣ ಅದೇ, ನಾನು ಅದನ್ನೇ ಒಪ್ಪಿಕೊಂಡು ಕೆಲಸ ಮಾಡುತ್ತೇನೆ.

ಎರಡು ಮಾತು ದಯವಿಟ್ಟು ನೆನಪಿಡಿ. ಒಂದು, ಐವತ್ತರ ದಶಕದ ಆರಂಭಕ್ಕಿಂತ ಹಿಂದಿನ 35 ಎಂಎಂ ರೀಲು ನೈಟ್ರೇಟ್ ಅನ್ನುವ, ಬೇಗ ಹೊತ್ತಿಕೊಳ್ಳುವ ಪ್ಲಾಸ್ಟಿಕ್ಕಿನದ್ದಾಗಿರಬಹುದು. ಅದಕ್ಕೆ ಬೆಂಕಿ ಹತ್ತಿದರೆ ನೀರಿಗೂ ಆರುವುದಿಲ್ಲ. ಮನೆಯಲ್ಲಿ ಇಡಬೇಡಿ. ಎರಡು, ಪೂರ್ತಿ ರೀಲು ಸಿಕ್ಕರೆ ಗೀಚುವ ಮೊದಲು ಅದು ಯಾವ ಸಿನಿಮಾ ಅಂತ ಪತ್ತೆ ಮಾಡಿ. 1934ರಲ್ಲಿ ಬಿಡುಗಡೆಯಾದ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ದ ಪ್ರಿಂಟು ಇವತ್ತು ಉಳಿದಿಲ್ಲ. ಎಲ್ಲೋ ಯಾರೋ ಇದು ಕಸ ಅಂದುಕೊಂಡದ್ದರಿಂದಲೇ ಇಂಥವು ಹೋಗುತ್ತವೆ. ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ, ಅಲ್ಲಿಗೆ ಬರೆದು ಕೇಳಿ. ನಾನು ತುಂಡುಗಳ ಮೇಲೆ ಮಾತ್ರ ಗೀಚುತ್ತೇನೆ. ಇಡೀ ರೀಲಿನ ಮೇಲೆ ಇದುವರೆಗೆ ಸೂಜಿ ಇಟ್ಟಿಲ್ಲ.

ಕಾಫಿಯಲ್ಲಿ ಫಿಲ್ಮ್ ತೊಳೀಬಹುದಂತೆ, ನಿಜಾನಾ?

ನಿಜ. ಕಪ್ಪು ಬಿಳುಪು ಫಿಲ್ಮಿಗೆ ಚೆನ್ನಾಗಿ ಆಗುತ್ತದೆ. ಇನ್‌ಸ್ಟಂಟ್ ಕಾಫಿ ಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಪುಡಿ, ನೀರು. 1995ರಲ್ಲಿ ಅಮೆರಿಕದ ರಾಚೆಸ್ಟರ್‌ನ ಒಂದು ತಾಂತ್ರಿಕ ವಿದ್ಯಾಸಂಸ್ಥೆಯ ತರಗತಿಯಲ್ಲಿ ಹುಟ್ಟಿದ ಉಪಾಯ ಇದು. ಕೆಲಸ ಮಾಡುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಕೆಫೇಯಿಕ್ ಆಮ್ಲ. ಅದು ಕೆಲಸ ಮಾಡಬೇಕಾದರೆ ದ್ರಾವಣ ಚೆನ್ನಾಗಿ ಕ್ಷಾರವಾಗಿರಬೇಕು, ಅದಕ್ಕೇ ವಾಷಿಂಗ್ ಸೋಡಾ. ನಾನು ಮೊದಲ ಸಲ ಅಡುಗೆ ಸೋಡಾ ಹಾಕಿಬಿಟ್ಟೆ. ಅದು ಬೇರೆ, ಇದು ಬೇರೆ. ಫಿಲ್ಮ್ ಹೊರಗೆ ತೆಗೆದಾಗ ಏನೂ ಮೂಡಿರಲಿಲ್ಲ. ಅಜ್ಜಿ ಮನೆಯ ಹಿತ್ತಿಲಲ್ಲಿ ಒಂದಿಡೀ ಮಧ್ಯಾಹ್ನ ಕೂತು ತೆಗೆದದ್ದು ಅದರಲ್ಲಿತ್ತು. ಆ ಹಿತ್ತಿಲು ಈಗಿಲ್ಲ. ಅದಕ್ಕೇ ಈ ಮಾತನ್ನು ಎಲ್ಲರಿಗೂ ಒತ್ತಿ ಹೇಳುತ್ತೇನೆ: ಹೊಸ ದ್ರಾವಣವನ್ನು ಮೊದಲು ಒಂದು ಗೇಣು ಬೇಡದ ಫಿಲ್ಮಿನ ಮೇಲೆ ನೋಡಿ.

ಕೊನೆಗೆ ಹೈಪೋ ಅನ್ನುವ ರಾಸಾಯನಿಕದ ದ್ರಾವಣದಲ್ಲಿ ಅದ್ದಬೇಕು, ಇಲ್ಲದಿದ್ದರೆ ಚಿತ್ರ ನಿಲ್ಲುವುದಿಲ್ಲ. ಪಾತ್ರೆ, ಚಮಚ ಮತ್ತೆ ಅಡುಗೆಮನೆಗೆ ಹೋಗಬಾರದು. ವಾಸನೆ ಘಾಟು, ಕಿಟಕಿ ತೆಗೆದಿಡಿ. ಫಿಲ್ಮನ್ನು ತೊಳೆಯುವ ಟ್ಯಾಂಕಿಗೆ ಸೇರಿಸುವಾಗ ಮಾತ್ರ ಪೂರ್ತಿ ಕತ್ತಲೆ ಬೇಕು.

ಶಬ್ದ ಎಲ್ಲಿಂದ ಬರುತ್ತೆ? ಅದು ಸಂಗೀತ ವಾದ್ಯದ ಹಾಗೆ ಕೇಳಿಸಲಿಲ್ಲ.

ಅದು ನಾನು ಪೆನ್ನಿನಿಂದ ಬರೆದ ಶಬ್ದ. 16 ಎಂಎಂ ಫಿಲ್ಮಿನ ಒಂದು ಅಂಚಿನಲ್ಲಿ ಶಬ್ದಕ್ಕೆ ಅಂತ ಸಣ್ಣ ಪಟ್ಟಿ ಇರುತ್ತದೆ. ಪ್ರೊಜೆಕ್ಟರಿನ ಒಳಗೆ ಒಂದು ಪುಟ್ಟ ಬಲ್ಬು ಅದರ ಮೂಲಕ ಬೆಳಕು ಹಾಯಿಸುತ್ತದೆ. ಬೆಳಕು ಏರಿಳಿದ ಹಾಗೆ ಸ್ಪೀಕರ್ ಅದುರುತ್ತದೆ. ಹಾಗಾಗಿ ಅಲ್ಲಿ ಏನೇ ಗೆರೆ ಎಳೆದರೂ ಶಬ್ದ ಬರುತ್ತದೆ. ಫ್ರೇಮಿಗೆ ಒಂದು ಗೆರೆ ಹಾಕಿದರೆ ಸೆಕೆಂಡಿಗೆ 24 ಸಲ, ಹಳೇ ಮೋಟರಿನ ಗುಡುಗುಡು. ಹತ್ತು ಗೆರೆ ಹಾಕಿದರೆ 240 ಸಲ, ಹೆಂಗಸರ ಮಾತಿನ ಶ್ರುತಿಗೆ ಹತ್ತಿರ. ಮ್ಯಾಕ್ಲಾರೆನ್ 1940ರಲ್ಲೇ ಹೀಗೆ ಶಬ್ದ ಬರೆದಿದ್ದರು.

ಒಂದು ವಿಚಿತ್ರ ಇದೆ. ಶಬ್ದ ಓದುವ ಜಾಗ ಚಿತ್ರದ ಕಿಂಡಿಯಿಂದ 26 ಫ್ರೇಮು ದೂರ. ಆದ್ದರಿಂದ ಚಿತ್ರದ ಪಕ್ಕದಲ್ಲೇ ಅದರ ಶಬ್ದ ಬರೆಯುವ ಹಾಗಿಲ್ಲ, 26 ಫ್ರೇಮು ಮುಂಚೆಯೇ ಬರೆಯಬೇಕು. ನನಗೆ ಈ ಅಂತರ ಎಷ್ಟು ಇಷ್ಟ ಅಂದರೆ, ಒಂದು ಚಿತ್ರದಲ್ಲಿ ಬೇಕಂತಲೇ ಸರಿಪಡಿಸದೆ ಬಿಟ್ಟೆ. ಮಿಂಚು ಮೊದಲು, ಒಂದು ಸೆಕೆಂಡಿನ ಮೇಲೆ ಗುಡುಗು.

ಭಾರತದಲ್ಲಿ ಯಾರು ಮಾಡಿದ್ದಾರೆ?

ಜನ ಅಂದುಕೊಂಡದ್ದಕ್ಕಿಂತ ಜಾಸ್ತಿ. ಹಿಂದೆ ಸಿನಿಮಾ ಶುರುವಾಗುವ ಮೊದಲು ಥಿಯೇಟರಿನಲ್ಲಿ ಸರ್ಕಾರದ ಫಿಲ್ಮ್ಸ್ ಡಿವಿಷನ್‌ನ ಕಿರುಚಿತ್ರ ಹಾಕುತ್ತಿದ್ದರು, ನೆನಪಿದೆಯಾ? ನಾವು ಅವಾಗ ಕಡಲೆಕಾಯಿ ಕೊಳ್ಳಲು ಎದ್ದು ಹೋಗುತ್ತಿದ್ದೆವು. ಅದೇ ಸಂಸ್ಥೆಯಲ್ಲಿ ಪ್ರಮೋದ್ ಪತಿ 1968ರಲ್ಲಿ 'ಎಕ್ಸ್‌ಪ್ಲೋರರ್' ಮಾಡಿದರು. ಏಳೇ ನಿಮಿಷ. ಕುಣಿಯುವ ಯುವಕರು, ದೇವರು, ಯಂತ್ರ, ಅಕ್ಷರ ಎಲ್ಲ ಒಂದರ ಮೇಲೊಂದು ಅಪ್ಪಳಿಸುತ್ತವೆ. 1972ರ 'ಅಬಿದ್'ನಲ್ಲಿ ಕಲಾವಿದ ಅಬಿದ್ ಸುರ್ತಿಯನ್ನೇ ಫ್ರೇಮು ಫ್ರೇಮಾಗಿ ಗೊಂಬೆಯ ಹಾಗೆ ಓಡಾಡಿಸಿದರು.

ಮುಂಬೈಯಲ್ಲಿ ಚಿತ್ರಕಲಾವಿದ ಅಕ್ಬರ್ ಪದಮ್‌ಸೀ ತಮಗೆ ಬಂದ ನೆಹರೂ ಫೆಲೋಶಿಪ್ಪಿನ ದುಡ್ಡಿನಲ್ಲಿ 1969ರಲ್ಲಿ ವಿಷನ್ ಎಕ್ಸ್‌ಚೇಂಜ್ ವರ್ಕ್‌ಶಾಪ್ ನಡೆಸಿದರು. ಬೇರೆ ಬೇರೆ ಕಲೆಯವರು ಒಂದೇ ಕಡೆ ಕೂತು ಕ್ಯಾಮೆರಾ ಮುಟ್ಟಿದರು. ಕಲಾವಿದೆ ನಳಿನಿ ಮಲಾನಿ ಇಪ್ಪತ್ತಮೂರರ ವಯಸ್ಸಿನಲ್ಲಿ ತಮ್ಮ ಮೊದಲ ಚಿತ್ರಗಳನ್ನು ಮಾಡಿದ್ದು ಅಲ್ಲೇ. ಬೆಂಗಳೂರಿನಲ್ಲಿ ಆಯಿಷಾ ಅಬ್ರಹಾಂ ಅವರು ಹವ್ಯಾಸಿಗಳು ತೆಗೆದಿಟ್ಟ ಹಳೇ ಮನೆಮಂದಿಯ ರೀಲುಗಳನ್ನು ಹುಡುಕಿ, ಅವುಗಳಿಂದಲೇ ಹೊಸ ಚಿತ್ರ ಕಟ್ಟಿದ್ದಾರೆ. ನನ್ನಂಥವರಿಗೆ ಅದು ದೊಡ್ಡ ಧೈರ್ಯ.

ಇನ್ನೂ ಹಿಂದೆ ಹೋದರೆ ನಮ್ಮ ತೊಗಲು ಗೊಂಬೆಯಾಟವೇ ಇದೆ. ಬೆಳಕು ಹಾಯುವಷ್ಟು ತೆಳ್ಳಗೆ ಹದ ಮಾಡಿದ ಚರ್ಮ, ಅದಕ್ಕೆ ಬಣ್ಣ, ಸಣ್ಣ ಸಣ್ಣ ತೂತು, ಹಿಂದೆ ದೀಪ, ಮುಂದೆ ಬಿಳಿ ಪರದೆ. ನಾನು ಫಿಲ್ಮಿನ ಮೇಲೆ ಮಾಡುವುದೂ ಹೆಚ್ಚುಕಮ್ಮಿ ಇದನ್ನೇ ಅಲ್ವಾ? ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನನಗೆ ನಮ್ಮ ಮನೆಯವರಿಗೇ ಬಂದಷ್ಟು ಸಂತೋಷವಾಯಿತು.

ನನಗೆ ಏನೂ ಅರ್ಥ ಆಗಲಿಲ್ಲ. ಅದು ನನ್ನ ತಪ್ಪಾ?

ಅಲ್ಲವೇ ಅಲ್ಲ. ಅರ್ಥ ಹುಡುಕುತ್ತಾ ಕೂತರೆ ಕಣ್ಣು ಕೆಲಸ ನಿಲ್ಲಿಸುತ್ತದೆ. ಒಮ್ಮೆ ಒಂದು ಸರ್ಕಾರಿ ಶಾಲೆಯಲ್ಲಿ ಮೂರು ನಿಮಿಷದ ಚಿತ್ರ ತೋರಿಸಿದೆ. ಬರೀ ಉದ್ದುದ್ದ ಗೆರೆಗಳು. ಮುಗಿದ ಮೇಲೆ ಮೇಷ್ಟ್ರು "ಇದರ ತಾತ್ಪರ್ಯ ಏನು?" ಅಂತ ಮಕ್ಕಳನ್ನು ಕೇಳಿದರು. ಎಲ್ಲರೂ ಗಪ್‌ಚುಪ್. ಅಡುಗೆ ಮಾಡುವ ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರು ಹೇಳಿದರು: "ಮಳೆಯಾಗೆ ಬಸ್ಸಿನ ಕಿಟಕಿ ಮ್ಯಾಲೆ ನೀರು ಓಡ್ತದಲ್ಲ, ಹಂಗದೆ. ನಾನು ತವರಿಗೆ ಹೋಗೋದು ನೆನಪಾತು." ನಾನು ಆ ಗೆರೆ ಎಳೆಯುವಾಗ ಬಸ್ಸನ್ನು ನೆನೆದಿರಲಿಲ್ಲ. ಆದರೆ ಅವತ್ತಿನಿಂದ ನನಗೂ ಅದು ಬಸ್ಸಿನ ಕಿಟಕಿಯೇ.

ಬೇಜಾರಾದರೆ ಬೇಜಾರಾಯಿತು ಅಂತ ಹೇಳಿ. ಅದನ್ನೂ ನಾನು ಕೇಳಿಸಿಕೊಳ್ಳುತ್ತೇನೆ. ಎಷ್ಟೋ ಸಲ ಉದ್ದ ಕಡಿಮೆ ಮಾಡಿದ್ದೇನೆ.

ನನ್ನ ಹತ್ತಿರ ಫೋನ್ ಮಾತ್ರ ಇದೆ. ಶುರು ಮಾಡಬಹುದಾ?

ಇವತ್ತೇ ಮಾಡಿ. 1896ರ ಜುಲೈ 7ರಂದು ಮುಂಬೈಯ ವಾಟ್ಸನ್ ಹೋಟೆಲಿನಲ್ಲಿ ಸಿನಿಮಾದ ಮೊದಲಿಗರಾದ ಫ್ರಾನ್ಸಿನ ಲೂಮಿಯೇರ್ ಸೋದರರ ಚಿತ್ರಗಳು ಓಡಿದಾಗ ಒಂದೊಂದೂ ಸುಮಾರು 50 ಸೆಕೆಂಡಿನವು. ಕ್ಯಾಮೆರಾ ಒಂದೇ ಕಡೆ ನಿಂತಿತ್ತು. ನೀವೂ ಫೋನನ್ನು ಎಲ್ಲಾದರೂ ಒರಗಿಸಿ 50 ಸೆಕೆಂಡು ಮುಟ್ಟದೆ ಬಿಡಿ. ನಲ್ಲಿಯ ಹತ್ತಿರ, ಒಲೆಯ ಹತ್ತಿರ, ಬಟ್ಟೆ ಒಣಗುವ ಹಗ್ಗದ ಹತ್ತಿರ. ಜೂಮ್ ಬೇಡ, ಹಾಡು ಬೇಡ. ಹತ್ತು ದಿನ ಅದೇ ಜಾಗ, ಅದೇ ಹೊತ್ತು. ಆಮೇಲೆ ಹತ್ತನ್ನೂ ಸಾಲಾಗಿ ನೋಡಿ. ಏನು ಬದಲಾಯಿತು ಅನ್ನುವುದೇ ನಿಮ್ಮ ಚಿತ್ರ.

ಗೀಚಿದ ಫಿಲ್ಮನ್ನು ಡಿಜಿಟಲ್ ಮಾಡಲೂ ಫೋನ್ ಸಾಕು. ಕೆಳಗೆ ಬಿಳಿ ಎಲ್‌ಇಡಿ ಪ್ಯಾನಲ್, ಮೇಲೆ ಅಲ್ಲಾಡದ ಹಾಗೆ ಫೋನ್. ಒಂದೊಂದು ಫ್ರೇಮಿನ ಫೋಟೋ ತೆಗೆಯುತ್ತಾ ಹೋಗಿ. ಅಂಚಿನ ತೂತುಗಳನ್ನು ಎರಡು ಮೊಳೆಗೆ ಸಿಕ್ಕಿಸಿದರೆ ಪ್ರತಿ ಫ್ರೇಮೂ ಒಂದೇ ಜಾಗಕ್ಕೆ ಕೂರುತ್ತದೆ.

ಗ್ಯಾಲರಿಯಲ್ಲಿ ತೋರಿಸ್ತೀರೋ, ಥಿಯೇಟರಿನಲ್ಲೋ?

ಎರಡೂ ಕಡೆ. ಆದರೆ ಒಂದೇ ಚಿತ್ರವನ್ನು ಎರಡೂ ಕಡೆ ತೋರಿಸುವುದಿಲ್ಲ. ಗ್ಯಾಲರಿಗೆ ಜನ ನಡುವೆ ಬರುತ್ತಾರೆ, ನಡುವೆ ಹೋಗುತ್ತಾರೆ. ಅಲ್ಲಿಗೆ ಮೊದಲು ಕೊನೆ ಇಲ್ಲದ, ಸುತ್ತುತ್ತಲೇ ಇರುವ ಚಿತ್ರ ಬೇಕು. ಕತ್ತಲಲ್ಲಿ ಎಲ್ಲರೂ ಒಟ್ಟಿಗೆ ಕೂತು ನೋಡುವುದಕ್ಕೆ ಬೇರೆಯೇ ಲೆಕ್ಕ. ನನಗೆ ತುಂಬ ಇಷ್ಟವಾದದ್ದು ಊರಿನ ಯಾವುದಾದರೂ ಪಡಸಾಲೆ. ಗೋಡೆಗೆ ಬಿಳಿ ಪಂಚೆ, ಕೋಣೆಯ ನಡುವೆಯೇ ಪ್ರೊಜೆಕ್ಟರು. ಅದರ ಟಕಟಕ, ಬಿಸಿ ಎಲ್ಲರಿಗೂ ತಾಗಬೇಕು. ಮಕ್ಕಳು ಪರದೆಯನ್ನಲ್ಲ, ಪ್ರೊಜೆಕ್ಟರನ್ನೇ ನೋಡುತ್ತಾರೆ. ನೋಡಲಿ.

ಬೆಳಕು ತುಂಬಾ ಮಿನುಗುತ್ತೆ. ತೊಂದರೆ ಇಲ್ವಾ?

ಕೆಲವರಿಗೆ ಇದೆ. ಮಿನುಗುವ ಬೆಳಕಿನಿಂದ ಫಿಟ್ಸ್ ಬರುವವರು ಇದ್ದಾರೆ. ಅಂಥ ಚಿತ್ರ ಹಾಕುವ ಮೊದಲು ನಾನು ಬಾಯಿಬಿಟ್ಟು ಹೇಳುತ್ತೇನೆ, ಬಾಗಿಲಲ್ಲೂ ಬರೆದು ಹಾಕುತ್ತೇನೆ. ಬೋರ್ಡ್ ಇಲ್ಲದೆ ಪ್ರದರ್ಶನ ಇಲ್ಲ.

ಇದರಿಂದ ಜೀವನ ನಡೆಯುತ್ತಾ?

ಇಲ್ಲ. ಚಿತ್ರಕಲೆ ಪಾಠ ಹೇಳಿಕೊಡುತ್ತೇನೆ, ಅದರಿಂದ ನಡೆಯುತ್ತದೆ. ಆಗೊಮ್ಮೆ ಈಗೊಮ್ಮೆ ಗ್ಯಾಲರಿ ಮೂಲಕ ಸಂಖ್ಯೆ ಹಾಕಿದ ಪ್ರತಿ ಮಾರಾಟ ಆಗುತ್ತದೆ.

ಈಗ ಏನು ಮಾಡ್ತಿದ್ದೀರಿ?

ಆಪರೇಟರ್ ಮಾಮ ಕೊಟ್ಟ ಡಬ್ಬಿಯ ತುಂಡುಗಳನ್ನೆಲ್ಲ ಒಂದಕ್ಕೊಂದು ಜಾಯಿಂಟ್ ಹಾಕಿ ಒಂದೇ ಪಟ್ಟಿ ಮಾಡುತ್ತಿದ್ದೇನೆ. ಎಲ್ಲ ಜಾಯಿಂಟಿನ ಅಕ್ಕಪಕ್ಕದ ಫ್ರೇಮುಗಳೇ ಆದ್ದರಿಂದ ಎಲ್ಲದರ ಮೇಲೂ ಅವರು ಅಂಟಿಸಲು ಹಚ್ಚಿದ ಫಿಲ್ಮ್ ಸಿಮೆಂಟಿನ ಕಲೆ ಇದೆ, ಕೆಲವು ಕಡೆ ಹೆಬ್ಬೆರಳಿನ ಗುರುತೂ ಇದೆ. ಈ ಸಲದ ನಿಯಮ ಅದೇ: ಅವರ ಬೆರಳು ಇರುವ ಕಡೆ ನನ್ನ ಸೂಜಿ ಹೋಗಬಾರದು. ಗುರುತಿನ ಸುತ್ತ ಮಾತ್ರ ಕೆರೆಯಬೇಕು. ಅವರ ಕಣ್ಣು ಈಗ ಮಂಜಾಗಿದೆ, ಆದರೂ ಪಟ್ಟಿಯನ್ನು ಬೆರಳಲ್ಲಿ ಸವರಿ "ಇದು ನನ್ನ ಜಾಯಿಂಟೇ" ಅಂತ ಹೇಳಿಬಿಡುತ್ತಾರೆ. ಮೂರು ನಿಮಿಷಕ್ಕೆ 270 ಅಡಿ ಬೇಕು. ನಿನ್ನೆಗೆ 212 ಆಗಿದೆ.